ಮೃಣಾಲವತಿಯ ಒಡವೆಪೆಟ್ಟಿಗೆ: ಮಾನ್ಯಖೇಟದ ಲೂಟಿ ಮತ್ತು ಮುಂಜನ ಪ್ರಣಯಕಥೆ

ಅನಂತಗಿರಿ ಗುಡ್ಡಗಳಲ್ಲಿ ಹುಟ್ಟುವ ಕಾಗಿಣಾ ನದಿ ತಾಂಡೂರಿನ ಬದಿಯಲ್ಲಿ ಹರಿದು, ಸೇಡಂ ದಾಟಿ, ಮಳಖೇಡದ ಕೋಟೆಯ ಮಗ್ಗುಲಲ್ಲಿ ಸಾಗಿ ಭೀಮೆಯನ್ನು ಸೇರುತ್ತದೆ. ಇವತ್ತು ಅದು ಎರಡು ರಾಜ್ಯಗಳ ನದಿ. 1956ರ ನವೆಂಬರ್ 1ಕ್ಕೆ ಮೊದಲು ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಮೂರೂ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದಿನ ನಿರ್ಣಾ ವೃತ್ತವೊಂದೇ ಮೈಸೂರಿನ ಪಾಲಿಗೆ ಉಳಿಯಿತು. ಈ ಗಡಿಯನ್ನು ಮನಸ್ಸಿನಿಂದ ಅಳಿಸಿದರೆ ಮಾತ್ರ ಇಲ್ಲಿ ಚರ್ಚಿಸುವ ಕಥೆ ನಡೆದ ನೆಲ ಕಣ್ಣಿಗೆ ಕಟ್ಟುತ್ತದೆ.

ಕಥೆ ಇರುವುದು ಮೇರುತುಂಗನ 'ಪ್ರಬಂಧಚಿಂತಾಮಣಿ'ಯಲ್ಲಿ. ಗುಜರಾತಿನ ಈ ಜೈನ ವಿದ್ವಾಂಸ ತನ್ನ ಕೃತಿಯನ್ನು ಮುಗಿಸಿದ್ದು ವಿಕ್ರಮ ಸಂವತ್ 1361ರಲ್ಲಿ, ಅಂದರೆ ಘಟನೆಗಳಾದ ಮುನ್ನೂರು ವರ್ಷಗಳ ಮೇಲೆ. ಮಾಳ್ವದ ಪರಮಾರ ದೊರೆ ಮುಂಜ ಮಂತ್ರಿಯ ಮಾತು ಮೀರಿ ಗೋದಾವರಿ ದಾಟುತ್ತಾನೆ, ಚಾಲುಕ್ಯ ತೈಲಪನ ಕೈಗೆ ಸೆರೆ ಸಿಕ್ಕುತ್ತಾನೆ. ಸೆರೆಯಲ್ಲಿ ಅವನ ಆರೈಕೆಗೆ ಬಂದವಳು ತೈಲಪನ ತಂಗಿ ಮೃಣಾಲವತಿ, ನಡುವಯಸ್ಸಿನ ವಿಧವೆ. ಇಬ್ಬರಿಗೂ ಒಲವು ಬೆಳೆಯುತ್ತದೆ. ಅತ್ತ ಮುಂಜನ ಕಡೆಯವರು ಹೊರಗಿನಿಂದ ಸೆರೆಮನೆಯವರೆಗೂ ಸುರಂಗ ತೋಡಿ ಮುಗಿಸಿರುತ್ತಾರೆ. ಆದರೆ ಅವಳನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸು ಬಾರದು. ಗುಟ್ಟು ಹೇಳಿ ಜೊತೆಗೆ ಕರೆಯುತ್ತಾನೆ. 'ಒಡವೆಪೆಟ್ಟಿಗೆ ತರುತ್ತೇನೆ, ಕ್ಷಣ ತಡೆ' ಎಂದು ಹೋದವಳು, ಊರು ಸೇರಿದ ಮೇಲೆ ವಯಸ್ಸಾದ ತನ್ನನ್ನು ಇವನು ಕೈಬಿಟ್ಟಾನು ಎಂಬ ಅಂಜಿಕೆಯಿಂದ ಅಣ್ಣನಿಗೆ ಎಲ್ಲವನ್ನೂ ತಿಳಿಸಿಬಿಡುತ್ತಾಳೆ. ಮುಂಜನನ್ನು ಮನೆಮನೆಗೆ ಭಿಕ್ಷೆಗೆ ತಿರುಗಿಸಿ ಕೊಲ್ಲಿಸಲಾಗುತ್ತದೆ.

ಮುಂಜನ ಸೆರೆ ಕಟ್ಟುಕಥೆಯಲ್ಲ. ಐದನೆಯ ವಿಕ್ರಮಾದಿತ್ಯನ ಕೌಥೆಂ ತಾಮ್ರಪಟ, ತೈಲಪ ಉತ್ಪಲನನ್ನು ಸೆರೆಗೆ ಹಾಕಿದ್ದನ್ನು ಹೇಳುತ್ತದೆ. ಉತ್ಪಲ ಮುಂಜನದೇ ಇನ್ನೊಂದು ಹೆಸರು. ಅಮಿತಗತಿಯ 'ಸುಭಾಷಿತರತ್ನಸಂದೋಹ' ಮುಂಜ ಆಳುತ್ತಿದ್ದಾಗ, ವಿಕ್ರಮ ಸಂವತ್ 1050ರಲ್ಲಿ ಮುಗಿಯಿತು. ತೈಲಪ ತೀರಿಕೊಂಡದ್ದು 997ರ ಸುಮಾರಿಗೆ. ಮುಂಜನ ಅಂತ್ಯವನ್ನು ಈ ಮೂರು ನಾಲ್ಕು ವರ್ಷಗಳೊಳಗೆ ಇಡಬೇಕು. ಮೃಣಾಲವತಿಗೆ ಮಾತ್ರ ಇಂಥ ಆಧಾರ ಒದಗುವುದಿಲ್ಲ. ಅವಳು ಸಾಹಿತ್ಯದ ವ್ಯಕ್ತಿ; ಅವಳನ್ನು ಕೈಹಿಡಿದು ಬೆಳೆಸಿದ್ದು ಸೋತವರ ಪಕ್ಷದ ನೆನಪು. ಕವಿಯೂ ರಸಿಕನೂ ಆದ ದೊರೆಯನ್ನು ರಣರಂಗದಲ್ಲಿ ಸೋಲಿಸಿದರೆಂದು ಒಪ್ಪುವುದಕ್ಕಿಂತ, ಶತ್ರುಮನೆಯ ಹೆಂಗಸೊಬ್ಬಳು ನಂಬಿಕೆಗೆ ದ್ರೋಹ ಬಗೆದಳೆಂದು ಹೇಳುವುದು ಆ ನೆನಪಿಗೆ ಹಗುರವಾಗಿರಬೇಕು.

ಮೇರುತುಂಗ ಹೇಳದೆ ಬಿಟ್ಟ ಒಂದು ಸಂಗತಿ ಈ ಕಥೆಯ ಬೇರು ಎಂಬುದು ನನ್ನ ವಾದ. ಅದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ, ಅಂದರೆ ಇಂದಿನ ಮಳಖೇಡದ, 972ರ ಲೂಟಿ. ಲೂಟಿ ಮಾಡಿದವನು ಮುಂಜನ ತಂದೆ ಸೀಯಕ. ಅವನು ರಾಷ್ಟ್ರಕೂಟ ಖೊಟ್ಟಿಗನ ಸಿರಿಯನ್ನು ಯುದ್ಧದಲ್ಲಿ ಕಸಿದನೆಂದು ಮಧ್ಯಪ್ರದೇಶದ ಉದಯಪುರ ಪ್ರಶಸ್ತಿ ಕೊಂಡಾಡುತ್ತದೆ. ಧನಪಾಲ ಕವಿ ಧಾರಾನಗರದಲ್ಲಿ ಕುಳಿತು ತಂಗಿ ಸುಂದರಿಗಾಗಿ 'ಪಾಇಯಲಚ್ಛೀ' ಎಂಬ ಪ್ರಾಕೃತ ನಿಘಂಟು ರಚಿಸಿದ. ಅದು ಯಾವಾಗ ರಚಿತವಾಯಿತೆಂದು ಹೇಳಲು ಅವನು ಆರಿಸಿಕೊಂಡ ಗುರುತು, ಮಾಳ್ವದವರು ಮಾನ್ಯಖೇಟವನ್ನು ಕೊಳ್ಳೆ ಹೊಡೆದ ವರ್ಷ. ಅದೇ ಮಾನ್ಯಖೇಟದಲ್ಲಿ ಮಂತ್ರಿ ಭರತನ ಆಶ್ರಯದಲ್ಲಿದ್ದುಕೊಂಡು ಪುಷ್ಪದಂತ 965ರಲ್ಲಿ 'ಮಹಾಪುರಾಣ' ಮುಗಿಸಿದ್ದ. ಅಮೋಘವರ್ಷನ ಕಾಲದಿಂದ ತುಂಬಿಕೊಂಡು ಬಂದಿದ್ದ ಬೊಕ್ಕಸ ಹೀಗೆ ನರ್ಮದೆಯ ಆಚೆಗೆ ಹೋಯಿತು.

ಬೊಕ್ಕಸದ ಜೊತೆಗೆ ಬಿರುದುಗಳೂ ಹೋದವು. ಲೂಟಿಯಾದ ಎರಡೇ ವರ್ಷಕ್ಕೆ, 974ರ ಧರಂಪುರಿ ತಾಮ್ರಪಟದಲ್ಲಿ ಮುಂಜ ತನ್ನನ್ನು ಅಮೋಘವರ್ಷ, ಪೃಥ್ವೀವಲ್ಲಭ, ಶ್ರೀವಲ್ಲಭ ಎಂದು ಕರೆದುಕೊಳ್ಳುತ್ತಾನೆ. ಇವೆಲ್ಲ ಮಾನ್ಯಖೇಟದ ದೊರೆಗಳ ಹೆಸರು, ಬಿರುದುಗಳು. ರಾಷ್ಟ್ರಕೂಟರ ವಾರಸುದಾರ ತಾನೇ ಎಂದು ಒಬ್ಬ ಉಜ್ಜಯಿನಿಯಲ್ಲಿ ಸಾರುತ್ತಿದ್ದಾಗ, 973ರಲ್ಲಿ ಎರಡನೆಯ ಕರ್ಕನನ್ನು ಇಳಿಸಿ ಗದ್ದುಗೆ ಹಿಡಿದ ತೈಲಪ ಕಾಗಿಣಾ ದಡದಲ್ಲಿ ಅದೇ ವಾರಸಿಕೆಗೆ ಕೈಚಾಚಿದ್ದ. ಕಳೆದುಹೋದ ಸಂಪತ್ತಿನ ಹಕ್ಕುದಾರ ಯಾರು ಎಂಬುದೇ ಎರಡು ಮನೆತನಗಳ ಹಗೆಯ ತಿರುಳಾಯಿತು.

ಇಲ್ಲೊಂದು ತಕರಾರು ಏಳಬಹುದು. ತೈಲಪ ಮೂಲತಃ ರಾಷ್ಟ್ರಕೂಟರ ಸಾಮಂತ, ತರ್ದವಾಡಿ ನಾಡನ್ನು ಆಳಿಕೊಂಡಿದ್ದವನು. ಒಡೆಯರ ಮನೆ ಲೂಟಿಯಾದದ್ದು ಅವನಿಗೆ ಅನುಕೂಲವೇ ಆಯಿತಲ್ಲ? ಆಯಿತು, ನಿಜ. ಆದರೆ ಅವನ ರಾಣಿ ಜಾಕಬ್ಬೆ ರಾಷ್ಟ್ರಕೂಟರ ಮಗಳು, ಭಮ್ಮಹ ರಟ್ಟನ ಕುವರಿ. ರಾಷ್ಟ್ರಕೂಟ, ಚಾಲುಕ್ಯ ಮನೆತನಗಳನ್ನು ಬೆಸೆದ ಶಾಸನಸಿದ್ಧ ವಿವಾಹ ಇದು. ಮಾಳ್ವಕ್ಕೆ ಹೋದ ಸಂಪತ್ತು ಅವಳ ತವರಿನದು. ಪ್ರಣಯಕಥೆಯ ಹೊಳಪಿನಲ್ಲಿ ಮೃಣಾಲವತಿಯನ್ನು ಹುಡುಕುವ ನಾವು ಜಾಕಬ್ಬೆಯನ್ನು ಮರೆತಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

ಲೂಟಿಯ ನೆನಪನ್ನು ಕಥೆಯ ಪಕ್ಕದಲ್ಲಿಟ್ಟಾಗ ಒಡವೆಪೆಟ್ಟಿಗೆಯ ಅರ್ಥ ಬದಲಾಗುತ್ತದೆ. ದಕ್ಷಿಣದ ರಾಜಕುವರಿ ತನ್ನ ಒಡವೆಗಳೊಂದಿಗೆ ಮಾಳ್ವಕ್ಕೆ ಹೊರಟಿದ್ದರೆ, ತಂದೆ ಕತ್ತಿ ಹಿಡಿದು ಒಯ್ದದ್ದನ್ನು ಮಗ ಒಲಿಸಿ ಒಯ್ದಂತಾಗುತ್ತಿತ್ತು. ಆ ಪೆಟ್ಟಿಗೆ ಊರು ಬಿಡಲಿಲ್ಲ. ಮೇರುತುಂಗ ಇದನ್ನು ಹೆಣ್ಣಿನ ಚಂಚಲತೆಗೆ ಉದಾಹರಣೆಯಾಗಿ ಬಳಸುತ್ತಾನೆ. ಒಮ್ಮೆ ಸೂರೆಹೋದ ನಾಡಿನ ಹೆಣ್ಣುಮಗಳ ಎಚ್ಚರ ಎಂದು ಓದಲು ಅವನ ಪಠ್ಯವೇ ಎಡೆ ಕೊಡುತ್ತದೆ.

ಮೇರುತುಂಗನಿಗೆ ತೈಲಪ ತಿಲಂಗದೇಶದ ದೊರೆ. ಕೆ.ಎಂ. ಮುನ್ಷಿಯವರ ಗುಜರಾತಿ ಕಾದಂಬರಿ 'ಪೃಥಿವೀವಲ್ಲಭ'ದಲ್ಲೂ, ರನ್ನನಿಗೆ ಆಶ್ರಯ ಕೊಟ್ಟ ಈ ಕನ್ನಡ ದೊರೆ ತೈಲಂಗಣದವನೇ. ಸೊಹ್ರಾಬ್ ಮೋದಿ 1943ರಲ್ಲಿ ಅದನ್ನು ಚಿತ್ರವಾಗಿಸಿದರು. ಮೃಣಾಲವತಿಯಾದವರು ದುರ್ಗಾ ಖೋಟೆ. ದೂರದವರಿಗೆ ಗೋದಾವರಿಯ ತೆಂಕಣ ಸೀಮೆಯೆಲ್ಲ ಒಂದೇ ನಾಡಾಗಿ ಕಂಡಿತ್ತು. ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ಒಂದೇ ಸಂತೆಯಲ್ಲಿ ಕೇಳಿಬರುವುದನ್ನು ಬಲ್ಲವರಿಗೆ ಅದು ತಪ್ಪೆಂದು ತೋರಲಾರದು.

ಈ ಸೀಮೆಯಲ್ಲಿ ನಿಧಿಯಾಸೆಗೆ ಹಾಳು ಗುಡಿಗಳ ಗರ್ಭಗುಡಿ ಅಗೆಯುವುದು, ಲಿಂಗ ಕೀಳುವುದು, ಶಾಸನಕಲ್ಲು ಉರುಳಿಸುವುದು ಇನ್ನೂ ನಿಂತಿಲ್ಲ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂಬ ಕಾನೂನು ಬ್ರಿಟಿಷ್ ಭಾರತದಲ್ಲಿ 1878ರಲ್ಲೇ ಬಂದಿತ್ತು. ಮಾನ್ಯಖೇಟದ ಬೊಕ್ಕಸ 972ರಲ್ಲೇ ಊರು ಬಿಟ್ಟಿತು. ಇಲ್ಲಿ ಉಳಿದಿರುವುದು ಅಕ್ಷರ ಹೊತ್ತ ಕಲ್ಲು. ಗಡಿಯ ಎರಡೂ ಬದಿಯ ಪುರಾತತ್ತ್ವ ಇಲಾಖೆಗಳು ಸೇರಿ ಕಾಗಿಣಾ ದಂಡೆಯುದ್ದಕ್ಕೂ ಹೊಲ, ಗುಡಿ, ಅಗಸೆಗಳಲ್ಲಿರುವ ಕನ್ನಡ ಶಾಸನಗಳ ಪಡಿಯಚ್ಚು ತೆಗೆದು ಒಂದೇ ಸಂಪುಟದಲ್ಲಿ ಪ್ರಕಟಿಸಬೇಕು. ತೈಲಪ ಮತ್ತು ಜಾಕಬ್ಬೆಯರ ಕಾಲದ ಕಲ್ಲುಗಳಿಂದ ಆ ಕೆಲಸ ಶುರುವಾಗಲಿ.