ಕೈಯಲ್ಲಿದ್ದ ಎಲೆ

ಮೊದಲಿಗನು ಇಳಿಸಿದ ಜಾತಿಯ ಎಲೆ ಕೈಯಲ್ಲಿದ್ದರೆ ಅದನ್ನೇ ಇಳಿಸತಕ್ಕದ್ದೆಂಬ ನಿಯಮವು ಇಸ್ಪೀಟಾಟದೊಡನೆಯೇ ಹುಟ್ಟಿತೆಂದು ನಾವು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಜರ್ಮನಿಯ ನೋರ್ಡ್ಲಿಂಗನ್ ಪಟ್ಟಣದ 1426ರ ಕಟ್ಟಳೆಯೊಂದರಲ್ಲಿ ಹೆಸರು ಕಾಣುವ ಕಾರ್ನೊಫೆಲ್ ಆಟದಲ್ಲಿ ಈ ನಿರ್ಬಂಧವಿರಲಿಲ್ಲ. ಯಾವ ಎಲೆಯನ್ನಾದರೂ ಎಸೆಯಬಹುದಾಗಿತ್ತು. ಇಟಲಿಯಲ್ಲಿ 1440ರ ಸುಮಾರಿಗೆ ಮೈದೋರಿದ ಟ್ಯಾರೊ ಎಲೆಗಳ ಆಟಗಳಲ್ಲಾದರೋ, ಜಾತಿಯಿದ್ದರೆ ಜಾತಿ, ಇಲ್ಲದಿದ್ದರೆ ತುರುಪು ಎಂಬುದು ವಿಧಿ. ಈ ಬಿಗಿಯಿಂದಲೇ ಆಟಕ್ಕೆ ಬುದ್ಧಿ ಬಂದಿತೆನ್ನಬೇಕು. ಎದುರಾಳಿಯು ಜಾತಿ ಬಿಟ್ಟನೆಂದರೆ ಅದು ಅವನಲ್ಲಿಲ್ಲ. ಉಳಿದ ಎಲೆಗಳು ಯಾರಲ್ಲಿವೆಯೆಂದು ಎಣಿಸಲು ತೊಡಗಬಹುದು.

ಆದರೆ ಕೈ ಮುಚ್ಚಿದೆಯಷ್ಟೆ! ಚದುರಂಗದ ತಪ್ಪುನಡೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಇಲ್ಲಿ ಆ ಕ್ಷಣಕ್ಕೆ ಆಡುವವನ ಪ್ರಾಮಾಣಿಕತೆಯೊಂದೇ ಸಾಕ್ಷಿ. ಸುಳ್ಳು ಬಯಲಾಗುವುದು ಬಚ್ಚಿಟ್ಟ ಎಲೆ ಮುಂದೆಂದೋ ಹೊರಬಿದ್ದಾಗ. ಆ ವೇಳೆಗೆ ಎದುರಾಳಿಯ ಲೆಕ್ಕವೆಲ್ಲ ಕೆಟ್ಟಿರುತ್ತದೆ.

ಎಡ್ಮಂಡ್ ಹಾಯ್ಲನು 1742ರಲ್ಲಿ ಲಂಡನ್ನಿನಲ್ಲಿ ಕಿರುಹೊತ್ತಗೆ ಬರೆದು ಪ್ರಸಿದ್ಧಿಗೆ ತಂದ ವಿಸ್ಟ್ ಆಟದಲ್ಲಿ ಈ ತಪ್ಪಿಗೆ ದಂಡವೆಂದು ಮೂರು ಸುತ್ತುಗಳ ಗೆಲುವನ್ನು ಕಿತ್ತುಕೊಳ್ಳಬಹುದಾಗಿತ್ತು. ಹದಿಮೂರರಲ್ಲಿ ಮೂರು! ಮರೆವೋ ಮೋಸವೋ ಎಂಬ ವಿಚಾರಣೆಯೂ ಇಲ್ಲ. ಕಠಿನವೆಂದು ಕೆಲವರೆನ್ನಬಹುದು, ನಮಗೆ ನ್ಯಾಯವೆಂದೇ ತೋರುತ್ತದೆ, ಏಕೆಂದರೆ ಮನಸ್ಸನ್ನು ಅಳೆಯಬಲ್ಲವರಾರೂ ಆ ಮೇಜಿನ ಸುತ್ತ ಕುಳಿತಿರುವುದಿಲ್ಲ. ಆದರೂ ಒಂದು ದಯೆಯಿತ್ತು: ಸುತ್ತಿನ ಎಲೆಗಳನ್ನು ಮಗುಚುವ ಮೊದಲು ಜೊತೆಗಾರನು, “ಆ ಜಾತಿ ತಮ್ಮಲ್ಲಿಲ್ಲವೇ?” ಎಂದು ಕೇಳಬಹುದಾಗಿತ್ತು.