ಹಲ್ಲು ನೋಡುವ ವಿದ್ಯೆ: ಹಳ್ಳೂರಿನ ಕುದುರೆ ಮತ್ತು ಹೆಬ್ಬಾಳದ ಮೂಳೆ ಪಾಠ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ವ್ಯಾಪಾರ ಶುರುವಾಗುವುದೇ ದನದ ಬಾಯಿಂದ. ಕೊಳ್ಳುವವನು ಹಳ್ಳಿಕಾರ್ ಹೋರಿಯ ಕೆಳತುಟಿ ಮಡಚಿ ನೋಡುತ್ತಾನೆ. ಇನ್ನೂ ಹಾಲುಹಲ್ಲೇ, ಎರಡು ಹಲ್ಲಾಗಿದೆಯೇ, ನಾಲ್ಕಾಗಿದೆಯೇ, ಬಾಯಿಗೂಡಿದೆಯೇ? ಬೆಲೆ ಅದರ ಮೇಲೆ ನಿಲ್ಲುತ್ತದೆ. ಮೂರು ಸಾವಿರ ವರ್ಷ ಮಣ್ಣಲ್ಲಿದ್ದ ದವಡೆಯನ್ನು ಕೈಗೆತ್ತಿಕೊಂಡ ವಿಜ್ಞಾನಿ ಮಾಡುವುದೂ ಇದನ್ನೇ. ಘಾಟಿಯಿಂದ ಯಲಹಂಕ ದಾಟಿ ಬೆಂಗಳೂರಿನ ಕಡೆ ಬಂದರೆ ಸಿಗುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳು ಕಲಿಯುವ ಮೊದಲ ಪಾಠಗಳಲ್ಲೂ ಇದು ಒಂದು.

ರೈತ, ಪಶುವೈದ್ಯ, ಪಳೆಯುಳಿಕೆ ತಜ್ಞ, ಈ ಮೂವರ ವಿದ್ಯೆ ಒಂದೇ ಎಂಬುದು ನಮಗೆ ಮರೆತುಹೋಗಿದೆ. ಯುರೋಪಿನಲ್ಲಿ ಒಂದು ಕಾಲಕ್ಕೆ ಅದು ತೀರಾ ಸಹಜವಾಗಿತ್ತು. ವಿಲ್ನಿಯಸ್‌ನಲ್ಲಿ ಪಶುವೈದ್ಯಕೀಯ ಕಲಿಸುತ್ತಿದ್ದ ಲುಡ್ವಿಗ್ ಬೊಯಾನಸ್ ಎಂಬ ಪ್ರಾಧ್ಯಾಪಕರೇ 1827ರಲ್ಲಿ ಅಳಿದುಹೋದ ಕಾಡುದನಕ್ಕೆ ‘ಬಾಸ್ ಪ್ರಿಮಿಜೀನಿಯಸ್’ ಎಂಬ ವೈಜ್ಞಾನಿಕ ಹೆಸರು ಕೊಟ್ಟದ್ದು. ಜಗತ್ತಿನ ದನಗಳ ಮೂಲಪುರುಷ ಅದು. ಅದರ ಭಾರತದ ಬಳಗದ ಪಳೆಯುಳಿಕೆ ನರ್ಮದಾ ಕಣಿವೆಯಲ್ಲಿ ಸಿಕ್ಕಿತು. ಘಾಟಿಯ ಹಳ್ಳಿಕಾರ್ ಹೋರಿಯ ಹಿರೀಕರು ಆ ಬಳಗದವರು. ದಾರಿ ಇನ್ನೊಂದು ದಿಕ್ಕಿನಿಂದಲೂ ಇತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳನ್ನು ವರ್ಗೀಕರಿಸಿದ ರಿಚರ್ಡ್ ಲೈಡೆಕ್ಕರ್ ಕೊನೆಗಾಲದಲ್ಲಿ, 1912ರಲ್ಲಿ, ಕುದುರೆ, ದನ, ಕುರಿಗಳ ಬಗ್ಗೆ ಒಂದೊಂದು ಪುಸ್ತಕ ಬರೆದರು.

ನಮ್ಮ ನೆಲದಲ್ಲೂ ಮೂಳೆಗೆ ಬರವಿರಲಿಲ್ಲ. ಮುಂದೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಕಟ್ಟಿದ ರಾಬರ್ಟ್ ಬ್ರೂಸ್ ಫೂಟ್, ಗೋಕಾಕದ ಸಮೀಪ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ವಿವರಿಸಿ, ಅದಕ್ಕೆ ದಖ್ಖನ್ನಿನ ಹೆಸರನ್ನೇ ಇಟ್ಟಿದ್ದರು. ಆದರೆ ಅದು ಭೂವಿಜ್ಞಾನಿಯ ಕೆಲಸ. ಪಶುವೈದ್ಯರು ಆ ಮೇಜಿಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು.

ಬಂದವರು ಡಾ. ಕೆ. ಆರ್. ಆಲೂರ. ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಡದಲ್ಲಿ, 1965ರಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ನವಶಿಲಾಯುಗದಿಂದ ಕಬ್ಬಿಣದ ಕಾಲಕ್ಕೆ ಜನ ದಾಟಿದ್ದನ್ನು ತೋರಿಸುವ ಅಪರೂಪದ ನೆಲೆ ಅದು. ಮಡಕೆ ಚೂರು, ಕಲ್ಲಿನ ಕೊಡಲಿಗಳ ಜೊತೆ ಪ್ರಾಣಿಗಳ ಮೂಳೆಯೂ ಸಿಕ್ಕಿತು. ಮೂಳೆ ಗುರುತಿಸುವ ಕೆಲಸ ವೃತ್ತಿಯಿಂದ ಪಶುವೈದ್ಯರಾಗಿದ್ದ ಆಲೂರರ ಪಾಲಿಗೆ ಬಂತು. 1971ರಲ್ಲಿ ವರದಿ ಪ್ರಕಟವಾದಾಗ ದನ, ಕುರಿ, ಆಡುಗಳ ಪಟ್ಟಿಯ ನಡುವೆ ಒಂದು ಹೆಸರು ಎಲ್ಲರ ಕಣ್ಣು ಕುಕ್ಕಿತು: ಕುದುರೆ.

ಯಾಕೆ ಕುಕ್ಕಿತು ಎನ್ನುವುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಊರಿನ ಕುದುರೆ ಭಾರತದ ಮೂಲಪ್ರಾಣಿಯಲ್ಲ. ವೇದದ ಭಾಷೆಯಾಡುವ ಜನ ವಾಯವ್ಯದಿಂದ ಬರುವಾಗ ಅದನ್ನೂ ತಂದರು ಎನ್ನುವುದು ಬಹುಪಾಲು ಇತಿಹಾಸಕಾರರ ಲೆಕ್ಕ. ಕ್ರಿ.ಪೂ. 1500ರ ಆಸುಪಾಸಿನ ಲೆಕ್ಕ ಅದು. ಹಳ್ಳೂರಿನ ಮೂಳೆಗಳಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು ಹೇಳಲಾಯಿತು. ಪಂಜಾಬಿಗೆ ಬಂದ ಹೊತ್ತಿಗೇ ಕುದುರೆ ತುಂಗಭದ್ರೆಯ ದಡದಲ್ಲೂ ಇತ್ತೆಂದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಕೆಲವರು ಅದು ಕುದುರೆಯೇ ಅಲ್ಲ, ಕತ್ತೆಯಿರಬೇಕು ಅಂದರು. ಇನ್ನು ಕೆಲವರು ಆರ್ಯರು ಹೊರಗಿನಿಂದ ಬರಲೇ ಇಲ್ಲ ಎನ್ನಲು ಇದೇ ಮೂಳೆಯನ್ನು ಎತ್ತಿಹಿಡಿದರು. ಹಳ್ಳೂರಿನಲ್ಲಿ ಮುಂದೆ ಮತ್ತೆ ಅಗೆತವೂ ನಡೆಯಿತು. ಆಲೂರರು ಮಾತ್ರ ತಮ್ಮ ತೀರ್ಮಾನ ಬದಲಿಸಲಿಲ್ಲ. ಇತಿಹಾಸದ ಸಿದ್ಧಾಂತ ಯಾವುದೇ ಇರಲಿ, ಮೂಳೆ ಹೇಳುವುದನ್ನು ಹೇಳುವುದಷ್ಟೇ ತಮ್ಮ ಕೆಲಸ ಎಂಬುದು ಅವರ ನಿಲುವಾಗಿತ್ತು.

ಐವತ್ತು ವರ್ಷಗಳಿಂದ ನಡೆದಿರುವ ಈ ಜಗಳದಲ್ಲಿ ಎರಡೂ ಕಡೆಯವರು ಆಲೂರರ ಹೆಸರು ಹೇಳುತ್ತಾರೆ. ಅವರ ಕಸುಬಿನ ಮಾತು ಎತ್ತುವವರು ಕಡಿಮೆ. ನನ್ನ ಮಟ್ಟಿಗೆ ವಿಷಯ ಇರುವುದೇ ಅಲ್ಲಿ.

ದನದ ಕಾಲಿನಲ್ಲಿ ಮಂಡಿಯ ಕೆಳಗೆ ಗೊರಸಿನ ಕಡೆ ಇಳಿಯುವ ನೀಳ ಮೂಳೆಯಿದೆಯಲ್ಲ, ಅದು ಎರಡು ಮೂಳೆ ಬೆಸೆದು ಆದದ್ದು. ಮುಂಭಾಗದಲ್ಲಿ ಬೆಸುಗೆಯ ಗೆರೆ ಕಾಣುತ್ತದೆ, ಕೆಳತುದಿ ಎರಡಾಗಿ ಸೀಳಿರುತ್ತದೆ, ಏಕೆಂದರೆ ಗೊರಸು ಎರಡು. ಕುದುರೆಯದು ಒಂದೇ ಗೊರಸು, ಒಂದೇ ಗಟ್ಟಿ ಮೂಳೆ. ಅದರ ಹಿಂಬದಿಯ ಎರಡು ಪಕ್ಕದಲ್ಲಿ ಕಡ್ಡಿಯಂಥ ಸಣ್ಣ ಮೂಳೆಗಳು ಅಂಟಿಕೊಂಡಿರುತ್ತವೆ, ಕಳೆದುಹೋದ ಬೆರಳುಗಳ ಗುರುತಾಗಿ. ಇಲ್ಲಿಯವರೆಗೆ ಯಾರು ಬೇಕಾದರೂ ಕಲಿಯಬಹುದು. ಕುದುರೆ ಮತ್ತು ಕತ್ತೆಯ ನಡುವೆ ಬಂದಾಗ ಬೆವರಿಳಿಯುತ್ತದೆ. ಕೆಳದವಡೆಯ ಹಲ್ಲಿನ ಮೇಲ್ಮೈಯಲ್ಲಿ ಸವೆತದಿಂದ ಮೂಡುವ ಮಡಿಕೆಯೊಂದು ಕುದುರೆಯಲ್ಲಿ ಸಾಮಾನ್ಯವಾಗಿ ಬಟ್ಟಲಿನ ತಳದಂತೆ ದುಂಡಗೆ, ಕತ್ತೆಯಲ್ಲಿ ಚೂಪಾಗಿ ಇರುತ್ತದೆ. ‘ಸಾಮಾನ್ಯವಾಗಿ’ ಎಂಬ ಪದದಲ್ಲೇ ಎಲ್ಲ ತಕರಾರೂ ಇದೆ. ವಯಸ್ಸಾದ ಪ್ರಾಣಿಯ ಹಲ್ಲು ಹೆಚ್ಚು ಸವೆದಿದ್ದರೆ ಗುರುತು ಅಳಿಸುತ್ತದೆ. ಸಾವಿರಾರು ಬಾಯಿ ನೋಡಿದವರಿಗೆ ಇರುವ ಅಂದಾಜು ಪುಸ್ತಕ ನೋಡಿದವರಿಗೆ ಬರುವುದು ಕಷ್ಟ.

ಗುಜರಾತಿನ ಸುರ್ಕೋಟಡಾದ ಹರಪ್ಪಾ ಕಾಲದ ನೆಲೆಯಲ್ಲೂ ಇದೇ ತಕರಾರು ಎದ್ದಾಗ, 1991ರಲ್ಲಿ ಮೂಳೆ ನೋಡಿ ‘ಇದು ಕುದುರೆ’ ಎಂದವರು ಹಂಗೇರಿಯ ಶಾಂಡೋರ್ ಬೊಕೊನಿ. ಅವರು ಓದಿದ್ದೂ ಪಶುವೈದ್ಯಕೀಯ. ಅವರ ಮಾತನ್ನೂ ರಿಚರ್ಡ್ ಮೆಡೋ ಮತ್ತು ಅಜಿತಾ ಪಟೇಲ್ ಒಪ್ಪಲಿಲ್ಲ. ಪಶುವೈದ್ಯ ಹೇಳಿದ್ದೆಲ್ಲ ಸರಿ ಎಂದೇನೂ ಅಲ್ಲ. ಆದರೆ ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಇಂಥ ಜಗಳವನ್ನು ಅಳತೆಪಟ್ಟಿ ಹಿಡಿದು ಆಡಲು ಒಂದು ಜಾಗ ಇತ್ತು. ಅಲ್ಲಿನ ಪಶುವೈದ್ಯಕೀಯ ವಿಭಾಗದೊಳಗೇ ಹಳೆಯ ಮೂಳೆಗಳ ಅಧ್ಯಯನ, ಸಾಕುಪ್ರಾಣಿಗಳ ಉಗಮ, ಪಶುವೈದ್ಯದ ಇತಿಹಾಸ, ಮೂರಕ್ಕೂ ಸೇರಿ ಒಂದು ಸಂಸ್ಥೆ ಇದೆ. ಕುರಿಯ ಮೂಳೆಗೂ ಆಡಿನ ಮೂಳೆಗೂ ವ್ಯತ್ಯಾಸ ಹೇಳಿಕೊಟ್ಟ ಯೋಆಕಿಮ್ ಬೋಯೆಸ್‌ನೆಕ್ ಅಲ್ಲಿಯವರು. ಅದೇ ಸಂಸ್ಥೆಯ ಆಂಗೆಲಾ ಫೋನ್ ಡೆನ್ ಡ್ರೀಶ್ 1976ರಲ್ಲಿ ಮಾಡಿಕೊಟ್ಟ ಮೂಳೆ ಅಳೆಯುವ ಕ್ರಮವನ್ನು ಇಂದಿಗೂ ಜಗತ್ತಿನಾದ್ಯಂತ ಬಳಸುತ್ತಾರೆ.

ಹೆಬ್ಬಾಳದ ಕಾಲೇಜು ಶುರುವಾದದ್ದು 1958ರಲ್ಲಿ. ಅದಕ್ಕೆ ಮುಂಚೆ ಕನ್ನಡದ ಹುಡುಗರು ಪಶುವೈದ್ಯ ಪದವಿಗೆ ಮದ್ರಾಸು, ಮುಂಬಯಿಯಂಥ ಕಡೆಗೆ ಹೋಗಬೇಕಿತ್ತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿದಾಗ ಕಾಲೇಜು ಅದರ ತೆಕ್ಕೆಗೆ ಬಂತು. ಈಗ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಆ ದಿನಗಳಲ್ಲಿ ಊರೂರಿನ ಕೊಟ್ಟಿಗೆ ಖಾಲಿ ಮಾಡುತ್ತಿದ್ದ ದೊಡ್ಡರೋಗ ಎದುರಿಗಿತ್ತು. ಹೆಬ್ಬಾಳದಲ್ಲೇ ಲಸಿಕೆ ತಯಾರಾಗುತ್ತಿತ್ತು. ಆ ರೋಗ ಜಗತ್ತಿನಿಂದಲೇ ಅಳಿಯಿತೆಂದು ಘೋಷಿಸಿದ್ದು 2011ರಲ್ಲಿ. ಬದುಕಿದ ದನ ಉಳಿಸುವ ಧಾವಂತದಲ್ಲಿ ಸತ್ತ ದನದ ಮೂಳೆಗೆ ಪೀಠ ಕಟ್ಟಲಿಲ್ಲ ಎಂದು ಯಾರನ್ನೂ ದೂರಲಾಗದು. ಮೂಳೆಯ ಕೆಲಸ ಪುಣೆಯ ಡೆಕ್ಕನ್ ಕಾಲೇಜಿನಂಥ ಕಡೆ, ಪುರಾತತ್ವದ ಬಾಗಿಲಿನಿಂದ ಬೆಳೆಯಿತು. ಆಲೂರರಂಥವರು ತಮ್ಮ ವೃತ್ತಿಯ ಅಂಚಿನಲ್ಲಿ ನಿಂತು ಈ ಕೆಲಸ ಮಾಡಬೇಕಾಯಿತು.

ಈಚೆಗೆ ಲೆಕ್ಕವೇ ಬದಲಾಗುತ್ತಿದೆ. ಇಂದಿನ ಎಲ್ಲ ಸಾಕುಕುದುರೆಗಳ ಮೂಲ ವೋಲ್ಗಾ–ಡಾನ್ ನದಿಗಳ ಹುಲ್ಲುಗಾವಲು, ಅಲ್ಲಿಂದ ಅವು ಹಬ್ಬಿದ್ದು ಕ್ರಿ.ಪೂ. 2000ರ ಸುಮಾರಿಗೆ, ಅದೂ ಬಹಳ ವೇಗವಾಗಿ ಎಂದು 2021ರ ಡಿಎನ್‌ಎ ಅಧ್ಯಯನ ಹೇಳಿತು. ಅಷ್ಟು ವೇಗವೆಂದರೆ, ಕೆಲವು ಶತಮಾನಗಳಲ್ಲಿ ಒಂದೆರಡು ಕುದುರೆ ಕೈಯಿಂದ ಕೈಗೆ ದಾಟಿ ತುಂಗಭದ್ರೆ ಮುಟ್ಟಿದ್ದು ಅಸಾಧ್ಯವೇನಲ್ಲ ಅನ್ನಿಸುತ್ತದೆ. ಹಾಗಾದರೆ ಆಲೂರರ ಮಾತೂ ನಿಲ್ಲಬಹುದು, ವಲಸೆಯ ಕಥೆಯೂ ನಿಲ್ಲಬಹುದು. ಇದು ನನ್ನ ಊಹೆ. ತೀರ್ಮಾನ ಆಗಬೇಕಾದದ್ದು ಮೂಳೆಯನ್ನೇ ನೇರವಾಗಿ ಕಾಲಮಾಪನ ಮಾಡಿ, ಮತ್ತೆ ಅಳೆದು.

ಕುದುರೆಯ ಗದ್ದಲದಲ್ಲಿ ದನ ಮರೆತೇಹೋಯಿತು. ಹಳ್ಳೂರು ಸೇರಿದಂತೆ ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ, ಬಳ್ಳಾರಿ–ರಾಯಚೂರಿನ ಬೂದಿದಿಬ್ಬಗಳಲ್ಲಿ, ಸಿಗುವ ಮೂಳೆಗಳಲ್ಲಿ ದನದ್ದೇ ಸಿಂಹಪಾಲು. ವರ್ಷಗಟ್ಟಲೆ ನೊಗ ಹೊತ್ತ ಎತ್ತಿನ ಪಾದದ ಮೂಳೆ ಗಂಟುಗಟ್ಟಿ, ಅಂಚಿನಲ್ಲಿ ಹೆಚ್ಚುವರಿ ಮೂಳೆ ಬೆಳೆದಿರುತ್ತದೆ. ಆ ಗಂಟು ನೋಡಿ, ಈ ಪ್ರಾಣಿ ಹಾಲಿಗೆ ಇತ್ತೇ, ಮಾಂಸಕ್ಕೆ ಇತ್ತೇ, ಉಳುಮೆಗೆ ಇತ್ತೇ ಎಂದು ಹೇಳಲು ಸಾಧ್ಯ. ಯಲಹಂಕ, ದೊಡ್ಡಬಳ್ಳಾಪುರದ ಕಡೆಯ ಕುಂಟುವ ಹಳ್ಳಿಕಾರ್ ಎತ್ತಿಗೆ ಮದ್ದು ಮಾಡಿದ ಪಶುವೈದ್ಯನ ಬೆರಳಿಗೆ ಆ ಗಂಟು ಹೊಸದೇನಲ್ಲ.