ವಾಮನ ರಥಗಳು

ಮೋಟಾರು ಗಾಡಿಯ ಚರಿತ್ರೆ ಬರೆದವರು ಬಹುಮಟ್ಟಿಗೆ ವೇಗದ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ಗಾಡಿ ಎಷ್ಟು ಓಡಿತೆಂಬ ಲೆಕ್ಕ ಅಲ್ಲಿ ಧಾರಾಳವಾಗಿ ಸಿಗುತ್ತದೆ. ಯಾವುದು ಎಷ್ಟು ನೆಲ ಹಿಡಿಯಿತೆಂಬ ಲೆಕ್ಕ ಅಪರೂಪ. ಆದರೆ ಇಕ್ಕಟ್ಟಾದ ಪಟ್ಟಣದಲ್ಲಿ ಬಾಳುವವನಿಗೆ ಈ ಎರಡನೆಯ ಲೆಕ್ಕವೇ ಮುಖ್ಯ. ಕಾರು ದಿನದ ಹೆಚ್ಚಿನ ಹೊತ್ತು ಓಡುವುದಿಲ್ಲ, ನಿಂತಿರುತ್ತದೆ. ನಿಂತ ಗಾಡಿಗೆ ಬೇಕಾದದ್ದು ವೇಗವಲ್ಲ, ಜಾಗ.

ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪಿನ ಊರುಗಳಲ್ಲಿ ಬೀದಿಗಳೂ ಕಿರಿದು, ಜನರ ಕಿಸೆಗಳೂ ಬರಿದು. ಇಟಲಿಯ ಮಿಲಾನಿನ ಬಳಿ ಶೀತಕ ಪೆಟ್ಟಿಗೆಗಳನ್ನೂ ಸ್ಕೂಟರುಗಳನ್ನೂ ಮಾಡುತ್ತಿದ್ದ ಈಸೊ ಕಂಪನಿ 1953ರಲ್ಲಿ ಇಸೆಟ್ಟಾ ಎಂಬ ಮೊಟ್ಟೆಯಾಕಾರದ ಕಾರನ್ನು ಹೊರತಂದಿತು. ಅದರ ಉದ್ದ ಸುಮಾರು ಏಳೂವರೆ ಅಡಿ. ಇದ್ದ ಒಂದೇ ಬಾಗಿಲು ಗಾಡಿಯ ಮುಖದಲ್ಲಿತ್ತು; ಅದನ್ನು ತೆರೆದರೆ ಚಾಲಕನ ಚಕ್ರವೂ ಬಾಗಿಲೊಡನೆ ಹೊರಕ್ಕೆ ಸರಿದು ದಾರಿ ಬಿಡುತ್ತಿತ್ತು. ಬೀದಿಯಂಚಿಗೆ ಅಡ್ಡವಾಗಿ, ಮೂತಿಯನ್ನು ಕಾಲುದಾರಿಯ ಕಡೆಗೆ ಮಾಡಿ ನಿಲ್ಲಿಸಿದರೆ ಒಳಗಿದ್ದವರು ನೇರವಾಗಿ ಕಾಲುದಾರಿಗೇ ಇಳಿಯಬಹುದು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ ಪರವಾನಗಿ ಪಡೆದು 1955ರಿಂದ 1962ರವರೆಗೆ ಇಂಥ ಒಂದೂವರೆ ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ತಯಾರಿಸಿತು. ಬ್ರಿಟನ್ನಿನಲ್ಲಿ ಇದರ ಮೂರು ಚಕ್ರದ ರೂಪ ಬಂತು. ಹಿಮ್ಮುಖ ಚಲನೆಯ ಗೇರು ಇಲ್ಲದಿದ್ದರೆ ಅದನ್ನು ಮೋಟಾರ್ ಸೈಕಲ್ಲಿನ ಪರವಾನಗಿಯಿಂದಲೇ ಓಡಿಸಬಹುದಾಗಿತ್ತು. ಈ ಅನುಕೂಲಕ್ಕೆ ಬೆಲೆಯೂ ಇತ್ತು: ಮರೆತು ಗೋಡೆಗೆ ಮೂತಿ ತಾಗಿಸಿ ನಿಲ್ಲಿಸಿದವನು ಬಾಗಿಲು ತೆಗೆಯುವಂತಿಲ್ಲ, ಗಾಡಿಯನ್ನು ಹಿಂದಕ್ಕೂ ಒಯ್ಯುವಂತಿಲ್ಲ!

1956ರಲ್ಲಿ ಈಜಿಪ್ಟು ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿತು. ಯುದ್ಧ ನಡೆದು ಕಾಲುವೆ ಮುಚ್ಚಿತು. ಡಿಸೆಂಬರಿನಲ್ಲಿ ಬ್ರಿಟನ್ನಿನ ಪೆಟ್ರೋಲಿಗೆ ಪಡಿತರ ಬಂತು. ಮೊಟ್ಟೆಗಾಡಿಗಳಿಗೆ ಬೇಡಿಕೆ ಏರಿತು. ಅವುಗಳಿಗೆ ಎದುರಾಗಿ ನಿಜವಾದ ಕಾರೊಂದು ಬೇಕೆಂದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಲೆನಾರ್ಡ್ ಲಾರ್ಡ್ ಹಠ ತೊಟ್ಟರು. ಆ ಕೆಲಸವನ್ನು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರಿಗೆ ವಹಿಸಿದರು. 1959ರಲ್ಲಿ ಬಂದ ಮಿನಿ ಕಾರಿನ ಉದ್ದ ಹತ್ತು ಅಡಿ ಮಾತ್ರ. ಎಂಜಿನನ್ನು ಅಡ್ಡಲಾಗಿ ಕೂರಿಸಿ, ಚಕ್ರಗಳನ್ನು ಹತ್ತು ಅಂಗುಲಕ್ಕೆ ಇಳಿಸಿ, ಉಳಿಸಿದ ಸ್ಥಳವನ್ನೆಲ್ಲ ಇಸಿಗೋನಿಸ್ ಕೂರುವವರಿಗೆ ಬಿಟ್ಟುಕೊಟ್ಟರು. ಅದಕ್ಕೆ ಎರಡು ವರ್ಷ ಮೊದಲು ಇಟಲಿಯಲ್ಲಿ ದಾಂತೆ ಜಕೋಸ ರೂಪಿಸಿದ ಫಿಯಟ್ 500 ಇನ್ನೂ ಗಿಡ್ಡ. ಮೂರು ಮೀಟರಿಗೂ ಕಡಿಮೆ.

ಆದರೆ ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಗಾಡಿಗಳನ್ನು ಪುಟ್ಟದಾಗಿಸಿದ್ದು ಜನರ ವಿನಯವಲ್ಲ, ಹಣದ ಮತ್ತು ಪೆಟ್ರೋಲಿನ ಕೊರತೆ. ಕೊರತೆ ನೀಗಿದೊಡನೆ ವಾಮನ ತ್ರಿವಿಕ್ರಮನಾಗಲು ತೊಡಗಿದ. ಮಿನಿ ಎಂಬ ಹೆಸರು 2001ರಲ್ಲಿ, ಫಿಯಟ್ 500 ಎಂಬ ಹೆಸರು 2007ರಲ್ಲಿ ಮರಳಿ ಬಂದಾಗ ಎರಡೂ ತಮ್ಮ ಪೂರ್ವಜರಿಗಿಂತ ಒಂದೂವರೆ ಅಡಿಗೂ ಹೆಚ್ಚು ಬೆಳೆದಿದ್ದವು. ಹಳೆಯ ಬೀದಿಗಳು ಮಾತ್ರ ಒಂದಂಗುಲವೂ ಬೆಳೆದಿರಲಿಲ್ಲ.

ಈ ಬೆಳವಣಿಗೆಗೆ ಕಟ್ಟು ಹಾಕಿದ ದೇಶ ಜಪಾನು. 1949ರಲ್ಲಿಯೇ ಅದು ಕೇ ಎಂಬ ಹಗುರ ಗಾಡಿಗಳ ವರ್ಗವೊಂದನ್ನು ಕಾನೂನಿನಲ್ಲಿ ಗುರುತಿಸಿ, ಅವುಗಳ ಉದ್ದಗಲಕ್ಕೂ ಎಂಜಿನ್ನಿಗೂ ಮಿತಿ ಗೊತ್ತುಮಾಡಿತು. ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ಬೀದಿಯ ಹೊರಗೆ ಸ್ಥಳವಿದೆಯೆಂದು ರುಜುವಾತು ಪಡಿಸಬೇಕೆಂಬ ಕಾನೂನು 1962ರಲ್ಲಿ ಬಂತು. ಕೇ ಗಾಡಿಗಳಿಗೆ ಅದರಲ್ಲಿಯೂ ತೆರಿಗೆಯಲ್ಲಿಯೂ ರಿಯಾಯಿತಿ ದೊರೆಯಿತು. ಮಿತಿ ಆಮೇಲೆ ಸಡಿಲವಾಯಿತು, ನಿಜ. ಆದರೂ ಈಗಿನ ಉದ್ದ 3.4 ಮೀಟರನ್ನು ದಾಟುವಂತಿಲ್ಲ. ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಸುಮಾರು ಮೂರರಲ್ಲೊಂದು ಈ ವರ್ಗದ್ದು. 1983ರಲ್ಲಿ ನಮ್ಮ ದೇಶಕ್ಕೆ ಬಂದ ಮಾರುತಿ 800 ಕೂಡ ಸುಜುಕಿಯವರ ಇಂಥದೇ ಗಾಡಿಯ ವಂಶದ್ದು.

ಇನ್ನು ನಮ್ಮ ಬೆಂಗಳೂರಿನ ಕಥೆ. ಚೇತನ್ ಮೈನಿಯವರ ನೇತೃತ್ವದಲ್ಲಿ 2001ರಲ್ಲಿ ಇಲ್ಲಿ ಹೊರಬಂದ ರೇವಾ, ಎಂಟೂಮುಕ್ಕಾಲು ಅಡಿ ಉದ್ದದ ವಿದ್ಯುತ್ ಕಾರು. ತವರಿನಲ್ಲಿ ಅದು ಕಣ್ಣಿಗೆ ಬಿದ್ದದ್ದು ಅಪರೂಪ. ಲಂಡನ್ನಿನಲ್ಲಿ ಹಾಗಾಗಲಿಲ್ಲ. 2003ರ ಫೆಬ್ರುವರಿಯಿಂದ ಆ ನಗರ ತನ್ನ ಮಧ್ಯಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕೆ ಐದು ಪೌಂಡು ಸುಂಕ ವಿಧಿಸಿತ್ತು. ವಿದ್ಯುತ್ ಗಾಡಿಗಳಿಗೆ ಆಗ ವಿನಾಯಿತಿ ಇತ್ತು. 2004ರಿಂದ ಜೀ-ವಿಜ್ ಎಂಬ ಹೆಸರಿನಲ್ಲಿ ನಮ್ಮ ರೇವಾ ಅಲ್ಲಿನ ಬೀದಿಗಳ ಪರಿಚಿತ ಮುಖವಾಯಿತು. ಅದು ನಿರ್ದೋಷಿಯೆಂದಲ್ಲ. 2007ರಲ್ಲಿ ನಡೆದ ಡಿಕ್ಕಿ ಪರೀಕ್ಷೆಗಳು ಅದರ ಭದ್ರತೆಯ ಬಗ್ಗೆ ಗಂಭೀರ ಪ್ರಶ್ನೆಗಳನ್ನೆತ್ತಿದವು. ದೊಡ್ಡ ಗಾಡಿಗಳ ನಡುವೆ ಪುಟ್ಟ ಗಾಡಿ ಓಡಿಸುವವನ ಅಳುಕು ಸುಳ್ಳಲ್ಲ. ನೆರೆಯವನ ಗಾಡಿ ಬೆಳೆದಂತೆ ತನ್ನದನ್ನೂ ಬೆಳೆಸಬೇಕೆಂಬ ಆಸೆ ಹುಟ್ಟುವುದು ಈ ಅಳುಕಿನಿಂದಲೇ. ಆದರೂ ಒಂದೇ ಗಾಡಿ ಒಂದೂರಿನಲ್ಲಿ ಸಲ್ಲಿ ಮತ್ತೊಂದರಲ್ಲಿ ಸಲ್ಲದೆ ಹೋದದ್ದರಲ್ಲಿ ಆ ಸುಂಕದ ಪಾಲು ದೊಡ್ಡದು. ಲಂಡನ್ನು ಬೀದಿಗೆ ಬೆಲೆ ಕಟ್ಟಿತ್ತು, ನಾವು ಕಟ್ಟಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಹಾಸಿಗೆ ತನ್ನದಾದರೆ ಮನುಷ್ಯ ಈ ಮಾತು ಕೇಳುತ್ತಾನೆ. ಬೀದಿ ಎಲ್ಲರದೂ ಆದ್ದರಿಂದ ಅಲ್ಲಿ ಕಾಲು ಚಾಚಲು ಯಾರೂ ಅಳುಕುವುದಿಲ್ಲ. ಬಲಿ ಚಕ್ರವರ್ತಿ ಕೊಡುವಾಗ ಹೆಜ್ಜೆಯ ಅಳತೆ ಕೇಳಲಿಲ್ಲ. ನಮ್ಮ ನಗರಗಳೂ ಕೇಳಿಲ್ಲ. ಮೊದಲ ಹೆಜ್ಜೆಗೆ ಬೀದಿ ಹೋಯಿತು, ಎರಡನೆಯದಕ್ಕೆ ಬೀದಿಯ ಅಂಚು. ಮೂರನೆಯ ಹೆಜ್ಜೆ ಈಗ ಕಾಲುದಾರಿಯ ಮೇಲಿದೆ. ಬಲಿ ಒಡ್ಡಿದ್ದು ತನ್ನ ತಲೆಯನ್ನು, ನಾವು ಒಡ್ಡುತ್ತಿರುವುದು ನಡೆದು ಹೋಗುವವನ ತಲೆಯನ್ನು.